ಭರಮಪ್ಪನ ಪೆಟ್ಟಿಗೆಯೊಳಗೆ ನನ್ನ ಕುಕ್ಕರ್

ಭರಮಪ್ಪ ಟಿ. ದಾಸರಹಳ್ಳಿಯ ನಮ್ಮ ವಠಾರದ ಕೊನೇ ಮನೆಯಲ್ಲಿ ಬಾಡಿಗೆಗಿರುವವನು. ಗದಗದ ಕಡೆಯವನು. ಬೆಂಗಳೂರಿಗೆ ಬಂದಾಗಿನಿಂದ ಪೀಣ್ಯದ ಒಂದೇ ಕಾರ್ಖಾನೆ, ಒಂದೇ ಕೆಲಸ: ಯಂತ್ರದ ಭಾಗಗಳನ್ನು ಮರದ ಪೆಟ್ಟಿಗೆಗೆ ತುಂಬಿ, ಮೊಳೆ ಹೊಡೆದು, ಲಾರಿ ಹತ್ತಿಸುವುದು. ಒಳಗೆ ಏನೂ ಅಲುಗಾಡಬಾರದು, ಬೆರಳು ತೂರುವಷ್ಟು ಸಂದೂ ಇರಬಾರದು. ಅವನು ಮನೆಯ ಡಬ್ಬಿಗೆ ಬೇಳೆ ಸುರಿದರೂ ಕುಕ್ಕಿ ಕುಕ್ಕಿ ತುಂಬುತ್ತಾನೆ. ಅಂಥವನ ಕೈಗೆ ನನ್ನ ಕುಕ್ಕರ್ ಕೊಟ್ಟೆನಲ್ಲ, ನನ್ನ ಬುದ್ಧಿ ಎಲ್ಲಿ ಹೋಗಿತ್ತೋ.

ಇದಕ್ಕೆಲ್ಲ ಕಾರಣ ಅವನ ಮಗಳು ರಕ್ಷಿತಾ. ಮಾರತ್ತಹಳ್ಳಿಯಲ್ಲಿ ಕೆಲಸ, ಅಲ್ಲೇ ಪಿ.ಜಿ.ಯಲ್ಲಿ ವಾಸ. ಅಪ್ಪ ಅಮ್ಮ ಒಂದು ರಾತ್ರಿಯಾದರೂ ಹಾಯಾಗಿ ಇದ್ದು ಬರಲಿ ಎಂದು ಮಾಗಡಿ ಕಡೆ ಯಾವುದೋ ಕೆರೆ ದಂಡೆಯಲ್ಲಿ ಜಾಗ ಬುಕ್ ಮಾಡಿ, ಒಂದು ಟೆಂಟನ್ನೂ ಕಳಿಸಿಕೊಟ್ಟಳು. ಫೋನಿನಲ್ಲಿ ಅವಳು ಹೇಳಿದ್ದು ನನಗೂ ಕೇಳಿಸಿತು.

"ಅಲ್ಲಿ ಏನೂ ಇರಲ್ಲಪ್ಪಾ, ಅದೇ ಮಜಾ. ಗಾಡಿ ಟೆಂಟ್ ಪಕ್ಕಕ್ಕೇ ಹೋಗತ್ತೆ, ಹೊರೋ ತಾಪತ್ರಯ ಇಲ್ಲ. ಬೇಕಾದ್ದು ತಗೊಂಡ್ಹೋಗಿ."

ಭರಮಪ್ಪ ಫೋನ್ ಇಟ್ಟು ನನ್ನ ಮುಖ ನೋಡಿದ. "ಅಮ್ಮಾರ, ಏನೂ ಇರೂದಿಲ್ಲ ಅಂದ್ರ, ಏನೇನು ಇರೂದಿಲ್ಲ ಅಂತ ಹೆಂಗ ತಿಳಿಯೂದ್ರಿ?"

"ಏನೂ ಇಲ್ದಿರೋ ಜಾಗಕ್ಕೆ ಹೋಗೋದಾದ್ರೂ ಯಾಕಪ್ಪ?" ಎಂದೆ.

"ಅದಾ ನನಗೂ ತಿಳೀವಲ್ದು."

ನನಗೂ ತಿಳಿಯಲಿಲ್ಲ. ಸೂರಿರುವ ಮನೆ ಬಿಟ್ಟು ಬಯಲಿಗೆ ಹೋಗುವುದು, ಹೋದಮೇಲೆ ಬಟ್ಟೆಯ ಸೂರು ಕಟ್ಟಿ ಅದರೊಳಗೆ ನುಸುಳುವುದು. ಟೆಂಟಿನ ಬಾಗಿಲಲ್ಲೇ ಗಾಡಿ. ಹಾಗಾದರೆ ಗಾಡಿಯಲ್ಲೇ ಮಲಗಬಾರದೇ? ಕೇಳೋಣವೆಂದರೆ ಹುಡುಗಿ ಮೀಟಿಂಗ್‌ನಲ್ಲಿ ಇರುತ್ತಾಳೆ.

ಅವನ ಹೆಂಡತಿ ಮಹಾನಂದಾಗೆ ಮಾತ್ರ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ನೀರು ಹಿಡಿಯುವಾಗ ನನ್ನ ಹತ್ತಿರ ಹೇಳಿದ್ದಳು: "ಲಗ್ನ ಆದಾಗಿಂದ ನಾವಿಬ್ಬರ ಅಂತ ಎಲ್ಲೂ ಹೋಗಿಲ್ರಿ ಅಮ್ಮಾರ. ಊರಿಗೆ ಹೋದ್ರ ಒಂದೋ ಮದುವಿ, ಇಲ್ಲಂದ್ರ ಮಣ್ಣು. ಕೆರಿನಾರ ಇರ್ಲಿ, ಕಲ್ಲಾರ ಇರ್ಲಿ, ಇವರ ಕೂಡ ಕುಂತ ಬರ್ತೀನಿ." ಹೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗು ನೋಡಿಯೇ ನಾನು ಕುಕ್ಕರ್ ಕೊಟ್ಟದ್ದು.

ಶನಿವಾರ ಬೆಳಗ್ಗೆ ಭರಮಪ್ಪ ಜೊತೆಯ ಕೆಲಸಗಾರನೊಬ್ಬನ ಹಳೇ ವ್ಯಾನು ತಂದು ನಿಲ್ಲಿಸಿದ. ಸಾಮಾನು ಸಾಗಿಸುವ ವ್ಯಾನು, ಹಿಂದೆ ಸೀಟೇ ಇಲ್ಲ. ಕಾರ್ಖಾನೆಯ ಹಲಗೆಗಳಿಂದ ಅಂಗಳದಲ್ಲೇ ಪೆಟ್ಟಿಗೆ ಹೊಡೆದ. ಅದರೊಳಗೆ ಮೊದಲು ಟೆಂಟು ಇಟ್ಟ. ಸ್ಟೌ, ನನ್ನ ಕುಕ್ಕರ್, ಈಳಿಗೆಮಣೆ, ಬಕೆಟ್ಟು, ಟೇಬಲ್ ಫ್ಯಾನು, ಕೊಡೆ.

"ಫ್ಯಾನ್ ಯಾಕೋ, ಅಲ್ಲಿ ಕರೆಂಟ್ ಇರತ್ತಾ?"

"ಇದ್ರ?"

"ಸರಿ, ಕೊಡೆ ಯಾಕೆ? ಬೇಸಿಗೆ ಕಣೋ ಇದು."

"ಮಳಿ ಇಲ್ಲಂದ್ರೂ ಒಂದು ಸಂದಿ ತುಂಬತೈತಿ ಬಿಡ್ರಿ."

ಆಮೇಲೆ ಉಳಿದ ಸಂದುಗಳಿಗೆಲ್ಲ ಮಹಾನಂದಾಳ ಸೀರೆಗಳನ್ನು ಸುರುಳಿ ಸುತ್ತಿ ತುರುಕಿದ. ಪ್ರವಾಸಕ್ಕೆಂದು ಅವಳು ಇಸ್ತ್ರಿ ಮಾಡಿಸಿಟ್ಟಿದ್ದ ಹಸಿರು ಸೀರೆ ಕುಕ್ಕರ್‌ನ ಹಿಡಿಯ ಸುತ್ತ ಹೋಯಿತು. ಮೊಳೆ ಹೊಡೆದ, ಕಬ್ಬಿಣದ ಪಟ್ಟಿ ಬಿಗಿದ, ಮೇಲ್ಭಾಗ ಯಾವುದೆಂದು ಬಾಣದ ಗುರುತನ್ನೂ ಬರೆದ. ಪೆಟ್ಟಿಗೆ ಉದ್ದವಾಗಿ ವ್ಯಾನಿನ ಬಾಗಿಲು ಮುಚ್ಚಲಿಲ್ಲ. ಭರಮಪ್ಪ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಸ್ಪ್ಯಾನರ್ ತಂದು ಡ್ರೈವರ್ ಪಕ್ಕದ ಸೀಟನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟ. ವಠಾರದ ಗಂಡಸರೆಲ್ಲ ಸೇರಿ ತಳ್ಳಿದ ಮೇಲೆ ಪೆಟ್ಟಿಗೆ ಅಚ್ಚುಕಟ್ಟಾಗಿ ಒಳಗೆ ಕೂತಿತು. ಅವನು ಅದನ್ನು ಅಲುಗಾಡಿಸಿ ನೋಡಿದ, ಮಿಸುಕಲಿಲ್ಲ. ಅವನ ಮುಖದಲ್ಲಿ ಬೆಳಗಿನಿಂದ ಮೊದಲ ಬಾರಿ ನೆಮ್ಮದಿ ಕಂಡಿತು.

ಅಷ್ಟರಲ್ಲಿ ಮಹಾನಂದಾ ಮನೆಗೆ ಬೀಗ ಹಾಕಿ ಬಂದಳು. ದಿನದ ಸೀರೆಯೇ, ತಲೆಗೆ ಮಾತ್ರ ಹೂ. ಕೈಯಲ್ಲಿ ರೊಟ್ಟಿ ಬುತ್ತಿಯ ಗಂಟು. ವ್ಯಾನಿನ ಈ ಕಡೆಯಿಂದ ನೋಡಿದಳು, ಆ ಕಡೆ ಹೋಗಿ ನೋಡಿದಳು.

"ನಾ ಎಲ್ಲಿ ಕುಂದರ್ಲಿ?"

ಭರಮಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಜೇಬಿನಿಂದ ಅಳತೆ ಟೇಪು ತೆಗೆದು ಪೆಟ್ಟಿಗೆಗೂ ಬಾಗಿಲಿಗೂ ನಡುವೆ ಇಳಿಬಿಟ್ಟ, ಮತ್ತೆ ಅವಳನ್ನು ನೋಡಿದ. "ಜಾಗಾ ಉಳಿದಿಲ್ಲಲ್ಲ" ಎಂದ, ಕಾರ್ಖಾನೆಯಲ್ಲಿ ಸೂಪರ್‌ವೈಸರನಿಗೆ ಹೇಳುವ ಹಾಗೆ.

ಅವಳು ಬೈಯಲಿಲ್ಲ. ಗೋಡೆಗೊರಗಿದ್ದ ಸೀಟನ್ನು ನೆಲಕ್ಕೆ ಸರಿಯಾಗಿ ಇಟ್ಟು, ಅದರ ಮೇಲೆ ಕೂತು, ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡಳು. "ಹಂಗಾರ ನೀವ ಹೋಗಿ ಬರ್ರಿ" ಎಂದಳು. ಟೇಪು ಭರಮಪ್ಪನ ಕೈಯಿಂದ ಜಾರಿ ತಾನೇ ಸುತ್ತಿಕೊಂಡಿತು. ಅವನ ಕಿವಿಗಳು ಕೆಂಪಾಗಿದ್ದವು.

"ಎಲ್ಲಾರೂ ಒಂದೀಟ ಕೈ ಹಾಕ್ರಿ, ಪೆಟ್ಟಿಗಿ ಇಳಸೂನು" ಎಂದ.

"ಬಿಚ್ಚಿ ಸ್ವಲ್ಪ ಸಾಮಾನು ತೆಗಿಯಪ್ಪ" ಎಂದೆ. ಪಟ್ಟಿ ಕತ್ತರಿಸುವ ಕತ್ತರಿಯೂ ಪೆಟ್ಟಿಗೆಯೊಳಗೇ ಇತ್ತು. ತುಂಬುವುದೇ ಅವನ ಕೆಲಸ, ಬಿಚ್ಚುವವರು ಯಾವಾಗಲೂ ಬೇರೆ ಊರಿನಲ್ಲಿರುತ್ತಾರೆ. ಹಾಗಾಗಿ ಇಡೀ ಪೆಟ್ಟಿಗೆ ಅಂಗಳದಲ್ಲೇ ಉಳಿಯಿತು. ಅವನು ಸೀಟನ್ನು ಮತ್ತೆ ಬಿಗಿದು, ಅಂಗೈಯಿಂದ ಧೂಳು ಒರೆಸಿದ. ಮಹಾನಂದಾ ಹತ್ತಿ ಕೂತಳು. ಒಂದು ಚಾಪೆ, ರೊಟ್ಟಿ ಗಂಟು, ಒಂದು ಕೊಡ ನೀರು. ಇಷ್ಟೇ ತೆಗೆದುಕೊಂಡು ಹೊರಟರು.

ಆ ರಾತ್ರಿ ನಾನು ಪಾತ್ರೆಯಲ್ಲಿ ಅನ್ನಕ್ಕಿಟ್ಟು, ತಳ ಹಿಡಿಸಿ, ಅವನಿಗೆ ಹಿಡಿಶಾಪ ಹಾಕಿದೆ. ಟೆಂಟಿಲ್ಲ, ದೀಪವಿಲ್ಲ, ಈ ಹೆಣ್ಣುಮಗಳು ಏನು ಪಾಡು ಪಡುತ್ತಿದ್ದಾಳೋ ಎಂದು ನಿದ್ದೆಯೂ ಸರಿಯಾಗಿ ಬರಲಿಲ್ಲ.

ಭಾನುವಾರ ವ್ಯಾನು ಬಂತು. ಮಹಾನಂದಾ ಇಳಿದಳು, ಹೂ ಬಾಡಿತ್ತು, ಸೀರೆಯೆಲ್ಲ ಹುಲ್ಲು. ನಾನು ಓಡಿಹೋಗಿ ಕೇಳಿದೆ: "ಎಲ್ಲಿ ಮಲಗಿದ್ರೇ?"

"ಗಾಡ್ಯಾಗ ರೀ ಅಮ್ಮಾರ" ಎಂದಳು. "ಬಾಳ ಜಾಗಾ ಇತ್ತು."