ಎರಡು ತೂತಿನ ನಳಿಗೆ

ಆಸ್ಟಿನ್‌ನ ಕಾರ್ಖಾನೆಯಲ್ಲಿ ನಾನು ಹೃದಯದ ರಕ್ತನಾಳಕ್ಕೆ ತೂರಿಸುವ ಕ್ಯಾತಿಟರ್ ಪರೀಕ್ಷಿಸುತ್ತೇನೆ. ಶ್ಯಾವಿಗೆಯಂಥ ನಳಿಗೆಯಲ್ಲಿ ಎರಡು ತೂತು: ಒಂದರಲ್ಲಿ ದಾರಿ ತೋರಿಸುವ ತಂತಿ, ಇನ್ನೊಂದರಲ್ಲಿ ರಕ್ತನಾಳದ ಒಳಗನ್ನು ತೋರಿಸುವ ಅಲ್ಟ್ರಾಸೌಂಡ್. ಹೊಸ ಮಾದರಿಯಲ್ಲಿ ನಡುವಿನ ಗೋಡೆ ತೀರಾ ತೆಳು. ಬೆರಳಿಗೆ ಸುತ್ತಿದರೆ ತಂತಿ ಸಿಕ್ಕಿಕೊಳ್ಳುತ್ತಿತ್ತು. ಮೂರು ಸಲ ಬರೆದುಕೊಟ್ಟೆ. ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆ ಎಂದರು ಇಂಜಿನಿಯರುಗಳು.

ಇವತ್ತು ಹ್ಯೂಸ್ಟನ್‌ನ ಆಸ್ಪತ್ರೆಯಲ್ಲಿ, ನನ್ನ ಗಂಡನ ಎದೆಯೊಳಗೆ ತೂರಿಸಲು ಧಾರವಾಡ ಮೂಲದ ಡಾಕ್ಟರು ತೆಗೆದಿದ್ದು ಅದೇ ನಳಿಗೆ.

"ಇದು ತಿರುವಿನಲ್ಲಿ ಸಿಕ್ಕಿಕೊಳ್ಳುತ್ತೆ ಡಾಕ್ಟ್ರೇ, ಬೇರೆ ಹಾಕಿ."

"ನೀವು ಇಂಜಿನಿಯರ್ ಏನ್ರಿ?"

"ಹತ್ತನೇ ಕ್ಲಾಸು. ದಿನಾ ಇದನ್ನೇ ಬಗ್ಗಿಸಿ ನೋಡೋಳು."

"ಹಂಗಾರ ಚಿಂತಿ ಬಿಡ್ರಿ. ಬ್ಯಾರೆ ಇಲ್ಲ, ತಡಾ ಮಾಡಿದ್ರ ಜೀವಕ್ಕ ಕಷ್ಟ. ಇಲ್ಲಿ ಸೈನ್ ಮಾಡ್ರಿ."

ಮಾಡಿದೆ. ಗಂಡ ಒಳಗಿದ್ದಾರೆ, ನಾನು ಹೊರಗೆ ಕೂತಿದ್ದೇನೆ. ತಪ್ಪು ಹಿಡಿಯಲು ಸಾಲದ ನನ್ನ ಹತ್ತನೇ ಕ್ಲಾಸು ಸಹಿ ಹಾಕಲು ಮಾತ್ರ ಧಾರಾಳವಾಗಿ ಸಾಕಾಯಿತು.