ಮಾವನ ಕಾಲು ಮತ್ತು ಕಮಲಾಪುರದ ಹೆಪ್ಪು

ನನ್ನ ಸೋದರಮಾವನಿಗೆ ಶುಗರ್ ಇದೆ. ಕಮಲಾಪುರದ ಬಾಳೆತೋಟದಲ್ಲಿ ಕಾಲಿನ ಹೆಬ್ಬೆರಳಿನ ಬುಡಕ್ಕೆ ಮುಳ್ಳು ಚುಚ್ಚಿದ್ದು ಅವನಿಗೆ ತಿಳಿಯಲೇ ಇಲ್ಲ. ತಿಳಿಯುವಷ್ಟರಲ್ಲಿ ಕೀವಾಗಿತ್ತು.

ನಾನು ಕಲಬುರಗಿಯ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತೇನೆ. ಕೆಲವು ಬ್ಯಾಕ್ಟೀರಿಯಾಗಳು ತಮ್ಮ ನೆರೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕುಗಳನ್ನು ಹೊರಬಿಡುತ್ತವೆ. ಅಂಥದೊಂದು ನನಗೆ ಸಿಕ್ಕಿದ್ದು ಮಾವನ ಹೆಂಡತಿ, ನಮ್ಮ ಅತ್ತಿ, ಕೊಟ್ಟ ಹೆಪ್ಪಿನಲ್ಲಿ. ಗಾಜಿನ ತಟ್ಟೆಯಲ್ಲಿ ಕೀವು ಮಾಡುವ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆಸಿ, ನಡುವಿನ ಕುಳಿಗೆ ಇದರ ರಸ ಹಾಕಿದಾಗ, ಸುತ್ತ ಏನೂ ಬೆಳೆಯದ ತಿಳಿಯಾದ ಉಂಗುರ ಮೂಡಿತ್ತು. ನಾನು ಕಳಿಸಿದ ಅದರ ಫೋಟೊವನ್ನು ಮಾವ ಊರಿನ ಚಹಾದಂಗಡಿಯಲ್ಲೆಲ್ಲ ತೋರಿಸಿದ. ಆಮೇಲೆ ಡಾಕ್ಟರು ಕೊಟ್ಟಿದ್ದ ಗುಳಿಗೆ ಬಿಟ್ಟ.

ಸುದ್ದಿ ತಿಳಿದು ರವಿವಾರ ಹೋದೆ. ಅತ್ತಿ ಬಾಗಿಲಲ್ಲೇ ನಿಂತಿದ್ದಳು.

“ಬರ್ರಿ ಮೇಡಂ. ಆ ರಸದ ಬಾಟ್ಲಿ ತಂದೀರೇನ್?”

“ಅದು ಔಷಧ ಅಲ್ಲ ಅತ್ತಿ.”

“ಹೆಪ್ಪು ಒಯ್ಯಾಗ ಅತ್ತಿ ಬೇಕಾಗಿದ್ಲು. ಯಾರೇ ಹೆಪ್ಪು ಒಯ್ದ್ರೂ ಮರುದಿನ ಒಂದು ಸೌಟು ಮೊಸರು ತಿರುಗಿ ಕೊಡ್ತಾರ. ನೀ ನಮ್ದು ಒಯ್ದು ಫ್ರಿಜ್ಜಿನಾಗ ಇಟ್ಕೊಂಡು ಕುಂತಿ.”

ಮಾವ ಹೊರಸಿನ ಮೇಲೆ ಮಲಗಿದ್ದ. ಕಾಲಿಗೆ ಬಾಳೆಲೆ ಸುತ್ತಿ ಬಟ್ಟೆ ಕಟ್ಟಿದ್ದರು. ಬಿಚ್ಚಿದೆ. ಒಳಗೆ ಮೊಸರು. ಅದನ್ನು ಒರೆಸಿದಾಗ ಹಸಿರು ಛಾಯೆಯ ಕೀವು ಕಂಡಿತು; ಬೆರಳಿನ ಅಂಚು ಕಪ್ಪಾಗಿತ್ತು. ಹುಳಿವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು.

“ಈಗಲೇ ದವಾಖಾನಿಗಿ ಹೋಗೋಣ ಮಾಮಾ.”

“ಅಲ್ಲಿ ಕಾಲು ಕಡೀತಾರ. ಕೀವಿನ ಹುಳ ಸಾಯ್ತಾವಂತ ನೀನೇ ಅಂದಿ. ನನ್ನ ಕಾಲಾಗಿನ ಹುಳ ಬ್ಯಾರೆ ಜಾತಿ ಏನ್?”

“ಬ್ಯಾರೇನೇ ಇರಬಹುದು. ಕೆಲವಕ್ಕ ಮೈಮ್ಯಾಲ ಇನ್ನೊಂದು ಪದರ ಇರ್ತದ. ಈ ರಸ ಅದನ್ನ ದಾಟಿ ಒಳಗ ಹೋಗಂಗಿಲ್ಲ.”

“ಹಂಗಾದ್ರ ಕೀವು ಒಯ್ದು ನೋಡು,” ಅತ್ತಿ ಅಂದಳು. “ಉಂಗುರ ಬಂದ್ರ ಬಾಟ್ಲಿ ಕೊಡು. ಬರ್ಲಿಲ್ಲಂದ್ರ ನೀ ಹೇಳಿದಲ್ಲಿಗಿ ಬರ್ತೀವಿ.”

ಉಂಗುರ ಬಂದರೂ ಕೊಡಲಾರೆ, ಮನುಷ್ಯರ ಗಾಯಕ್ಕೆ ಹಾಕುವ ಮೊದಲು ಪರೀಕ್ಷೆಗಳು ಬಹಳ ಇವೆ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವತ್ತೇ ಹೊರಡಿ ಎಂದು ಕೈಮುಗಿದೆ. ಮಾವ ಕಾಲು ಚಾಚಿದ. ಚೀಲದಲ್ಲಿದ್ದ ಹತ್ತಿ ಸುತ್ತಿದ ಕಡ್ಡಿಯಲ್ಲಿ ಕೀವು ತೆಗೆದುಕೊಂಡು ಬಂದೆ.

ಆ ರಾತ್ರಿಯೇ ಕೀವನ್ನು ತಟ್ಟೆಗೆ ಹಚ್ಚಿ, ನಡುವಿನ ಕುಳಿಗೆ ರಸ ಹಾಕಿಟ್ಟು, ಮರುದಿನ ನೋಡಿದೆ. ಉಂಗುರ ಇರಲಿಲ್ಲ. ಹಸಿರು ಪೊರೆ ಕುಳಿಯ ಅಂಚಿನವರೆಗೂ ಬೆಳೆದಿತ್ತು. ಫೋನ್ ಮಾಡುವ ಮೊದಲೇ ಇಬ್ಬರೂ ಬಸ್ಸು ಹಿಡಿದು ಪ್ರಯೋಗಾಲಯಕ್ಕೆ ಬಂದಿದ್ದರು. ಮುಚ್ಚಳ ತೆಗೆಯದೆ ತೋರಿಸಿದೆ.

“ಬೇಕಂತಲೇ ಕೆಡಿಸೀದಿ,” ಎಂದಳು ಅತ್ತಿ. “ಮಾವನ ಕಾಲಿಗಿಂತ ನಿನ್ನ ಡಿಗ್ರಿ ದೊಡ್ಡದಾತೇನ್?”

ಮಾವ ತಟ್ಟೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ.

“ಇದೆಲ್ಲಾ ನನ್ನ ಕಾಲಾಗಿಂದೇನ್?”

“ಹೂಂ.”

“ಆಟೋ ಕರಿ.”

ಜಗತ್ ಸರ್ಕಲ್ ದಾಟಿ ಆಸ್ಪತ್ರೆ ಮುಟ್ಟಿದೆವು. ಸರ್ಜನ್ ಕಾಲನ್ನು ಒತ್ತಿ ಒತ್ತಿ ನೋಡಿದರು. ಎರಡು ಬೆರಳು ತೆಗೆಯಲೇಬೇಕು, ಪಾದ ಉಳಿಸಲು ನೋಡುತ್ತೇವೆ ಎಂದರು. ಆಮೇಲೆ, ಮನೆಯಲ್ಲಿ ಮತ್ತೆ ಮೊಸರು ಹಾಕಿ ಕಟ್ಟಿದ್ದ ಬಟ್ಟೆಯ ಕಡೆ ಬೊಟ್ಟು ಮಾಡಿದರು.

“ಇದಕ್ಕ ಮೊಸರು ಕಟ್ಟ್ರಿ ಅಂತ ಯಾರು ಹೇಳಿದ್ರು?”

“ಇಕೀನೇ ರೀ,” ಅತ್ತಿ ನನ್ನನ್ನು ತೋರಿಸಿದಳು. “ಇದನ್ನೇ ಓದ್ಲಾಕತ್ತಾಳ.”

ಸರ್ಜನ್ ನನ್ನನ್ನು ನೋಡಿದರು. ನಾನು ಮಾವನನ್ನು ನೋಡಿದೆ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅಲ್ಲ ಎನ್ನಲಿಲ್ಲ.