ಕಾಲುವೆಗಿಳಿಯದ ಕೇಬಲ್

ಇಪ್ಪತ್ತು ವರ್ಷದ ಹಿಂದೆ, ಕರೆಂಟಿನ ಕೆಲಸದಲ್ಲಿ ನನ್ನನ್ನು ಮೀರಿಸುವವರು ಇಡೀ ಒಮಾನಿನಲ್ಲಿ ಇರಲಿಲ್ಲ. ಅನುಮಾನವಿದ್ದರೆ ನನ್ನನ್ನೇ ಕೇಳಿ. ನಿಜ್ವಾದಲ್ಲಿ ಖಮೀಸ್ ಎಂಬ ಬಡಗಿಯ ಮನೆಯಿಂದ ಹಿತ್ತಲಿನ ವರ್ಕ್‌ಶಾಪಿಗೆ ಲೈನ್ ಎಳೆಯಬೇಕಿತ್ತು. ಮಗಳ ಮದುವೆಗೆ ಕೊಡುವ ಮರದ ಪೆಟ್ಟಿಗೆ ಆ ವಾರವೇ ಮುಗಿಯಬೇಕು. ಗರಗಸದ ಮಷೀನು ಬಂದು ಕೂತಿದೆ, ಕರೆಂಟಿಲ್ಲ.

"ಸಂಜೆಯೊಳಗೆ ಖಲಾಸ್!" ಎಂದೆ.

ನಡುವೆ ಖರ್ಜೂರದ ತೋಟಗಳಿಗೆ ನೀರು ಹರಿಯುವ ಕಾಲುವೆ. ಒಂದು ತಾಸು ನೀರು ತಡೆದು ಅಡಿಯಲ್ಲಿ ಪೈಪ್ ತೂರಿಸೋಣವೆಂದು ಮಣ್ಣಿನ ಚೀಲ ಎತ್ತಿದ್ದೆ, ಅಷ್ಟರಲ್ಲಿ ಪಕ್ಕದ ತೋಟದ ಮುದುಕರೊಬ್ಬರು ಕೋಲೂರುತ್ತ ಬಂದರು.

"ಮುಹಂದಿಸ್, ಯಾರ ನೀರು ನಿಲ್ಲಿಸ್ತೀಯ?" ಎಂದು ಉರ್ದುವಿನಲ್ಲಿ ಕೇಳಿದರು. ನನ್ನನ್ನು ಎಂಜಿನಿಯರ್ ಅಂದುಕೊಂಡಿದ್ದರು; ನಾನು ತಿದ್ದಲಿಲ್ಲ.

"ಖಮೀಸ್ ಅವರದು, ಚಾಚಾ. ಅವರ ಹಿತ್ತಲಲ್ವಾ?"

"ಹಿತ್ತಲು ಅವನದು. ನೀರು ಹತ್ತೂವರೆ ತನಕ ಕೆಳಗಿನ ತೋಟದ ಅಲಿಯದು. ಆಮೇಲೆ ಮರಿಯಮ್‌ಳದು. ಮಧ್ಯಾಹ್ನದಿಂದ ನನ್ನದು."

"ಮತ್ತೆ ಖಮೀಸ್ ಪಾಳಿ?"

"ಮುಂದಿನ ವಾರ. ಅದೂ ಅರ್ಧ ತಾಸು."

ನನಗೆ ತಲೆಬುಡ ತಿಳಿಯಲಿಲ್ಲ. ಅದೇ ಕಾಲುವೆ, ಅದೇ ನೀರು, ಗಡಿಯಾರ ನೋಡಿಕೊಂಡು ಒಡೆಯನನ್ನು ಬದಲಿಸುತ್ತಿದೆ! ಹಾಗಾದರೆ ನಾನು ತಡೆಯಬೇಕಾದದ್ದು ನೀರನ್ನೋ, ಅಲಿಯನ್ನೋ? ಖಮೀಸ್ ನನ್ನ ಮುಖ ನೋಡಿದರು, ನಾನು ಪೈಪಿನ ಮುಖ ನೋಡಿದೆ.

ಕೊನೆಗೆ ಮುದುಕರು ಕೋಲನ್ನು ಆಕಾಶಕ್ಕೆ ಎತ್ತಿ, "ಕಂಬ ನೆಟ್ಟು ಮೇಲಿಂದ ಹೋಗಪ್ಪ. ಗಾಳಿಗೆ ನಾವಿನ್ನೂ ಪಾಳಿ ಹಚ್ಚಿಲ್ಲ" ಎಂದರು.

ಸಂಜೆ ಗರಗಸ ತಿರುಗಿತು. ಈ ಉಪಾಯ ನನಗೆ ಮೊದಲೇ ಹೊಳೆದಿತ್ತು. ಹಿರಿಯರ ಬಾಯಿಂದ ಬರಲಿ ಎಂದು ಕಾಯುತ್ತಿದ್ದೆ, ಅಷ್ಟೆ.